ಅಪ್ಪಯ್ಯ ಅಮ್ಮನ ಜೊತೆ ಮಿಶಿಗನ್‌ನ ಕೆರೆಗಳ ದಂಡೆಯಲ್ಲಿ ಐದು ರಾತ್ರಿ

ಬಾಡಿಗೆಗೆ ತಂದಿದ್ದ ಆರ್‌ವಿ (ಒಳಗೇ ಒಲೆ, ಹಾಸಿಗೆ ಇರುವ ಮನೆಯಂಥ ಗಾಡಿ) ವಾಪಸ್ ಕೊಟ್ಟು ಇವತ್ತಿಗೆ ಹನ್ನೊಂದು ದಿನ. ನಿನ್ನೆ ಡೆಪಾಸಿಟ್ ದುಡ್ಡು ಬಂತು. ಪೂರ್ತಿ ಬರಲಿಲ್ಲ, 75 ಡಾಲರ್ ಹಿಡಿದುಕೊಂಡಿದ್ದಾರೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಈಗಲೇ ಬರೆಯದಿದ್ದರೆ ಮರೆತುಹೋಗುತ್ತದೆ ಅಂತ ಕೂತಿದ್ದೇನೆ. ಈ ಆರು ತಿಂಗಳು ನಾನು ಹುಡುಕಾಡಿದ್ದನ್ನೆಲ್ಲ ಇನ್ನೊಬ್ಬರು ಮೊದಲಿಂದ ಹುಡುಕುವುದು ಬೇಡ.

ನಾವಿರುವುದು ಡೆಟ್ರಾಯಿಟ್ ಹತ್ತಿರದ ನೋವೈಯಲ್ಲಿ. ಇಲ್ಲಿ ಕನ್ನಡದವರು ಬಹಳ ಜನ ಇದ್ದೇವೆ. ಬೇಸಿಗೆಗೆ ಊರಿಂದ ಅಪ್ಪ ಅಮ್ಮ ಬರುತ್ತಾರೆ, ನಯಾಗರಾ, ಷಿಕಾಗೋ ತೋರಿಸುತ್ತೇವೆ. ಕ್ಯಾಂಪಿಂಗ್ ಅಂದ ಕೂಡಲೇ ವಯಸ್ಸಾದವರಿಗೆ ಆಗಲ್ಲ ಅಂತ ಬಿಟ್ಟುಬಿಡುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಕಳೆದ ಸಲ ಬಂದಾಗ ಹೆದ್ದಾರಿಯಲ್ಲಿ ಒಂದು ದೊಡ್ಡ ಆರ್‌ವಿ ನಮ್ಮ ಪಕ್ಕದಲ್ಲೇ ಹೋಯಿತು. ಅಮ್ಮ ಅದು ಕಣ್ಮರೆಯಾಗುವ ತನಕ ನೋಡಿದರು. "ಒಳಗೆ ಒಲೆ, ಹಾಸಿಗೆ ಎಲ್ಲಾ ಇರುತ್ತೇನೆ? ಒಂದ್ಸಲ ಅದ್ರಲ್ಲಿ ಮಲಗ್ಬೇಕು ನೋಡು" ಅಂದರು. ಅಮ್ಮ ಹಾಗೆಲ್ಲ ಏನನ್ನೂ ಕೇಳುವವರಲ್ಲ. ಆ ಮಾತು ನನ್ನ ಮನಸ್ಸಲ್ಲೇ ಕೂತಿತ್ತು.

ಹೋದವರು ಆರು ಜನ. ನಾನು, ನಮ್ಮನೆಯವರು, ಹತ್ತು ಮತ್ತು ಆರು ವರ್ಷದ ಇಬ್ಬರು ಮಕ್ಕಳು, ಅಪ್ಪಯ್ಯ, ಅಮ್ಮ. ಅಪ್ಪಯ್ಯನಿಗೆ ಎಪ್ಪತ್ತೊಂದು, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ಅಮ್ಮನಿಗೆ ಮಂಡಿ ನೋವು. ನಮ್ಮ ಇಡೀ ಯೋಜನೆ ಈ ಎರಡು ವಿಷಯದ ಸುತ್ತಲೇ ತಿರುಗಿತು. ಹಾಗೇ ಆಗಬೇಕಿತ್ತು ಕೂಡ.

ಕೆಲಸ ಶುರುವಾಗುವುದು ಜನವರಿಯಲ್ಲಿ. ಮಿಶಿಗನ್ ಸ್ಟೇಟ್ ಪಾರ್ಕುಗಳಲ್ಲಿ ನೀವು ಹೋಗುವ ದಿನಕ್ಕೆ ಸರಿಯಾಗಿ ಆರು ತಿಂಗಳು ಮೊದಲು, ಬೆಳಿಗ್ಗೆ 8 ಗಂಟೆಗೆ ಬುಕಿಂಗ್ ತೆರೆಯುತ್ತದೆ. ಜುಲೈ 7ಕ್ಕೆ ಹೋಗಬೇಕು ಅಂದರೆ ಜನವರಿ 7ಕ್ಕೆ ಎದ್ದು ಕೂರಬೇಕು. ನಾವು ಎರಡು ಪಾರ್ಕ್ ಆರಿಸಿದ್ದೆವು. ಮೊದಲ ಎರಡು ರಾತ್ರಿ ಇಂಟರ್‌ಲಾಕನ್, ಆಮೇಲೆ ಮೂರು ರಾತ್ರಿ ಲಡಿಂಗ್ಟನ್. ಪ್ರತಿ ಪಾರ್ಕಿಗೂ ಅಲ್ಲಿಗೆ ಕಾಲಿಡುವ ದಿನದ ಲೆಕ್ಕ. ಹಾಗಾಗಿ ಎರಡು ಬೆಳಿಗ್ಗೆ ಈ ಕೆಲಸ ಮಾಡಬೇಕಾಯಿತು.

ಮೊದಲ ದಿನ ಹೊರಗೆ ಹಿಮ ಬೀಳುತ್ತಿತ್ತು. ನಾನು ಒಂದು ಲ್ಯಾಪ್‌ಟಾಪ್, ನಮ್ಮನೆಯವರು ಒಂದು. ಇಂಟರ್‌ಲಾಕನ್ ಸುಲಭವಾಗಿ ಸಿಕ್ಕಿತು. ಎರಡು ದಿನ ಬಿಟ್ಟು ಲಡಿಂಗ್ಟನ್‌ಗೆ ಕೂತೆವು. ನಾನು ಮೆಚ್ಚಿಟ್ಟುಕೊಂಡಿದ್ದ ಸೈಟು, ಅಂದರೆ ಗಾಡಿ ನಿಲ್ಲಿಸಿ ತಂಗುವ ಜಾಗ, ಒತ್ತುವಷ್ಟರಲ್ಲಿ ಹೋಗಿತ್ತು. ಎರಡನೆಯದೂ ಹೋಯಿತು. 8 ಗಂಟೆ 3 ನಿಮಿಷಕ್ಕೆ ಪರದೆಯ ಮೇಲೆ ಬೇಕಾದ ಕಡೆ ಒಂದೂ ಉಳಿದಿರಲಿಲ್ಲ. ನಿಜವಾಗಿ ಕಣ್ಣಲ್ಲಿ ನೀರು ಬಂತು. ಟಿಕೆಟ್ ಆಗಿದೆ, ವೀಸಾ ಇದೆ, ಅಮ್ಮನಿಗೆ ಫೋನಿನಲ್ಲಿ ಹೇಳಿಯೂ ಆಗಿದೆ.

ಆದರೆ ಜನ ರದ್ದು ಮಾಡುತ್ತಲೇ ಇರುತ್ತಾರೆ. ಮಾರ್ಚ್ ತನಕ ಬೆಳಿಗ್ಗೆ ಕಾಫಿ ಕುಡಿಯುವಾಗ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ ನೋಡುವುದು ಅಭ್ಯಾಸವಾಯಿತು. ಮಾರ್ಚ್ ಕೊನೆಯಲ್ಲಿ ಒಂದು ರಾತ್ರಿ ಬೀಚ್‌ವುಡ್ ಕ್ಯಾಂಪ್‌ಗ್ರೌಂಡಿನಲ್ಲಿ ಮೂರು ರಾತ್ರಿಗೂ ಒಂದೇ ಸೈಟು ಖಾಲಿ ಕಂಡಿತು. ಕೈ ನಡುಗುತ್ತಲೇ ಬುಕ್ ಮಾಡಿದೆ. ಬುಕ್ ಮಾಡಿದಾಗ ಕೊಡುವ 8 ಡಾಲರ್ ಶುಲ್ಕ ಯಾವ ಕಾರಣಕ್ಕೂ ವಾಪಸ್ ಬರುವುದಿಲ್ಲ, ಅದು ಗೊತ್ತಿರಲಿ. ಪಾರ್ಕ್ ತೆರೆದಿದೆಯೇ ಅಂತಲೂ ಮೊದಲೇ ನೋಡಿಕೊಳ್ಳಿ. ಲಡಿಂಗ್ಟನ್ ಪಾರ್ಕ್ ದುರಸ್ತಿ ಕೆಲಸಕ್ಕೆ ಅಂತ 2024ರ ಸೆಪ್ಟೆಂಬರ್‌ನಿಂದ 2025ರ ಬೇಸಿಗೆವರೆಗೆ ಮುಚ್ಚಿತ್ತು.

ಸೈಟು ಆರಿಸುವಾಗ ಎಲ್ಲರೂ ನೀರಿಗೆ ಎಷ್ಟು ಹತ್ತಿರ ಅಂತ ನೋಡುತ್ತಾರೆ. ನೀವು ಟಾಯ್ಲೆಟ್ ಕಟ್ಟಡಕ್ಕೆ ಎಷ್ಟು ಹತ್ತಿರ ಅಂತ ನೋಡಿ. ಆರ್‌ವಿಯಲ್ಲಿ ಟಾಯ್ಲೆಟ್ ಇದೆಯಲ್ಲ ಅಂದುಕೊಳ್ಳಬೇಡಿ. ಆರು ಜನಕ್ಕೆ ಅದು ಸಾಲದು. ತುಂಬಾ ಹತ್ತಿರವೂ ಬೇಡ, ರಾತ್ರಿಯೆಲ್ಲ ಬಾಗಿಲು ಬಡಿಯುವ ಶಬ್ದ, ದೀಪದ ಬೆಳಕು. ಮೂರು ನಾಲ್ಕು ಸೈಟು ದೂರ ಇದ್ದರೆ ಸರಿ. ಅಮ್ಮ ಕೋಲು ಹಿಡಿದು ಒಬ್ಬರೇ ಹೋಗಿ ಬರುತ್ತಿದ್ದರು. ಯಾರನ್ನೂ ಎಬ್ಬಿಸಬೇಕಾಗಿರಲಿಲ್ಲ. ಅದು ಅವರಿಗೆ ದೊಡ್ಡ ಸಮಾಧಾನ.

ಇನ್ನು ಆರ್‌ವಿ ಬಾಡಿಗೆ. "ಆರು ಜನ ಮಲಗಬಹುದು" ಅಂತ ಬರೆದಿದ್ದ ಮಾತ್ರಕ್ಕೆ ಆರು ಜನ ಬೆಲ್ಟ್ ಹಾಕಿಕೊಂಡು ಕೂರಬಹುದು ಅಂತ ಅರ್ಥ ಅಲ್ಲ. ನಾನು ನೋಡಿದ ಎರಡು ಗಾಡಿಗಳಲ್ಲಿ ಐದೇ ಬೆಲ್ಟ್ ಇದ್ದವು. ಚಿಕ್ಕವನಿಗೆ ಬೂಸ್ಟರ್ ಸೀಟು ಬೇರೆ ಬೇಕು. ಕೊನೆಗೆ 25 ಅಡಿಯ ಸಿ ಕ್ಲಾಸ್ (ಮಧ್ಯಮ ಗಾತ್ರದ) ಗಾಡಿ ಸಿಕ್ಕಿತು. ಓಡಿಸಲು ಸಾಮಾನ್ಯ ಲೈಸೆನ್ಸ್ ಸಾಕು. ನಮ್ಮ ಕಾರಿನ ಇನ್ಶೂರೆನ್ಸ್‌ನವರಿಗೆ ಫೋನ್ ಮಾಡಿ ಕೇಳಿದೆ, ಬಾಡಿಗೆ ಆರ್‌ವಿಗೆ ನಮ್ಮ ಪಾಲಿಸಿ ಅನ್ವಯಿಸುವುದಿಲ್ಲ ಅಂದರು. ಹಾಗಾಗಿ ಬಾಡಿಗೆಯವರದ್ದೇ ತೆಗೆದುಕೊಂಡೆವು. ಕರಾರು ಪೂರ್ತಿ ಓದಿ. ನಮ್ಮದರಲ್ಲಿ ಗಾಡಿಯ ಮಾಡಿಗೆ ಮರದ ಕೊಂಬೆ ತಗುಲಿ ಆದ ಹಾನಿಗೆ ಇನ್ಶೂರೆನ್ಸ್ ಇರಲಿಲ್ಲ. ಅದು ಗೊತ್ತಾದ ಮೇಲೆ ಸೈಟಿಗೆ ಗಾಡಿ ಹಿಂದಕ್ಕೆ ತೆಗೆದುಕೊಳ್ಳುವಾಗೆಲ್ಲ ನಾನು ಕೆಳಗಿಳಿದು ಮೇಲೆ ನೋಡುತ್ತಾ ನಿಲ್ಲುತ್ತಿದ್ದೆ.

ಕಾಗದಪತ್ರ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಟ್ಟಿದ್ದೆ. ಎರಡೂ ಬುಕಿಂಗ್ ಪ್ರಿಂಟ್, ಬಾಡಿಗೆ ಕರಾರು, ಅಪ್ಪಯ್ಯ ಅಮ್ಮನ ಪಾಸ್‌ಪೋರ್ಟ್ ಪ್ರತಿ, ಅವರ ಟ್ರಾವೆಲ್ ಇನ್ಶೂರೆನ್ಸ್ ಕಾರ್ಡ್, ಊರಿನ ಡಾಕ್ಟರ್ ಬರೆದ ಔಷಧಿ ಚೀಟಿ. ಪಾರ್ಕಿನೊಳಗೆ ಫೋನ್ ಸಿಗ್ನಲ್ ಕೆಲವು ಕಡೆ ಸಿಗಲೇ ಇಲ್ಲ. ಪ್ರಿಂಟ್ ಇದ್ದದ್ದು ಒಳ್ಳೆಯದಾಯಿತು.

ಜುಲೈ 7ರ ಬೆಳಿಗ್ಗೆ ಗಾಡಿ ತೆಗೆದುಕೊಂಡೆವು. ಬಾಡಿಗೆಯವರು ಇಪ್ಪತ್ತು ನಿಮಿಷದಲ್ಲಿ ಎಲ್ಲ ಹೇಳಿ ಮುಗಿಸಿದರು. ದಯವಿಟ್ಟು ಅದನ್ನು ವಿಡಿಯೊ ಮಾಡಿಕೊಳ್ಳಿ. ಗಾಡಿಯ ನಾಲ್ಕೂ ಕಡೆ, ಒಳಗೆ, ಮೇಜಿನ ಅಂಚು, ಎಲ್ಲದರ ಫೋಟೊ ತೆಗೆಯಿರಿ. ಹಿಂದಿನ ಬಂಪರಿನಲ್ಲಿದ್ದ ಹಳೆಯ ಗೀರು ನಮ್ಮ ತಲೆಗೆ ಬರದಿದ್ದದ್ದು ಆ ಫೋಟೊದಿಂದ.

ಕಾರಿನಲ್ಲಿ ನಾಲ್ಕು ಗಂಟೆಯ ದಾರಿ ನಮಗೆ ಆರು ಗಂಟೆ ಹಿಡಿಯಿತು. ಪಾರ್ಕ್ ಬಾಗಿಲಲ್ಲಿ ಮೊದಲ ತೊಡಕು. ಮಿಶಿಗನ್‌ನಲ್ಲಿ ಸ್ಟೇಟ್ ಪಾರ್ಕಿನೊಳಗೆ ಹೋಗುವ ಪ್ರತಿ ಗಾಡಿಗೂ ರಿಕ್ರಿಯೇಶನ್ ಪಾಸ್‌ಪೋರ್ಟ್ ಅನ್ನುವ ಪ್ರವೇಶದ ಪಾಸು ಬೇಕು. ನಮ್ಮ ಕಾರಿಗೆ ಅದು ಇದೆ, ನಂಬರ್ ಪ್ಲೇಟಿನ ಸ್ಟಿಕ್ಕರಿನಲ್ಲಿ ಪಿ ಅಕ್ಷರ ಇರುತ್ತದಲ್ಲ, ಅದೇ. ಆದರೆ ಅದು ಆ ಕಾರಿಗೆ ಮಾತ್ರ. ಬಾಡಿಗೆ ಆರ್‌ವಿಗೆ ಬೇರೆ ರಾಜ್ಯದ ಪ್ಲೇಟು ಇತ್ತು, ಹಾಗಾಗಿ ಹೊರರಾಜ್ಯದ ದರ ಕೊಡಬೇಕಾಯಿತು. ನಾವು ಇದೇ ರಾಜ್ಯದವರು ಅಂತ ಲೈಸೆನ್ಸ್ ತೋರಿಸಿದರೂ ಅಷ್ಟೇ. ಗಾಡಿ ಬುಕ್ ಮಾಡುವಾಗಲೇ ಅದು ಯಾವ ರಾಜ್ಯದ ಪ್ಲೇಟು ಅಂತ ಕೇಳಿ.

ಇಂಟರ್‌ಲಾಕನ್ ಇರುವುದು ಡಕ್ ಲೇಕ್, ಗ್ರೀನ್ ಲೇಕ್ ಅನ್ನುವ ಎರಡು ಕೆರೆಗಳ ನಡುವೆ. 1917ರಲ್ಲಿ ರಾಜ್ಯ ಸರ್ಕಾರ 60,000 ಡಾಲರಿಗೆ ಈ ಜಾಗ ಕೊಂಡು ಪಾರ್ಕ್ ಮಾಡಿತು. ಸುತ್ತಲಿನ ಕಾಡೆಲ್ಲ ಮರದ ವ್ಯಾಪಾರಕ್ಕೆ ಕಡಿದು ಹೋದರೂ ಈ ವೈಟ್ ಪೈನ್ ಮರಗಳು ಉಳಿದವು. ಅಪ್ಪಯ್ಯ ಗಾಡಿಯಿಂದ ಇಳಿದವರೇ ಒಂದು ಮರದ ಬುಡಕ್ಕೆ ಹೋಗಿ ಎರಡೂ ಕೈ ಚಾಚಿ ತಬ್ಬಿ ನೋಡಿದರು. ಕೈ ಕೂಡಲಿಲ್ಲ. ಸುಮಾರು ಹೊತ್ತು ತಲೆಯೆತ್ತಿ ನೋಡುತ್ತಾ ಅಲ್ಲೇ ನಿಂತಿದ್ದರು.

ಆ ರಾತ್ರಿ ನಾವು ದೊಡ್ಡ ತಪ್ಪು ಮಾಡಿದ್ದೆವು, ಗೊತ್ತೇ ಆಗಲಿಲ್ಲ. ನಮ್ಮ ಸೈಟು ಒಂದು ಕಡೆಗೆ ಸ್ವಲ್ಪ ಇಳಿಜಾರಾಗಿತ್ತು. ಮಲಗಿದರೆ ತಲೆ ಕೆಳಗಾದ ಹಾಗೆ ಅನಿಸಿತು, ದಿಂಬು ಇನ್ನೊಂದು ಕಡೆ ಹಾಕಿಕೊಂಡು ಮಲಗಿದೆವು. ಬೆಳಿಗ್ಗೆ ಹಾಲು ತೆಗೆದರೆ ತಣ್ಣಗಿಲ್ಲ. ಎದೆ ಧಸಕ್ಕೆಂದಿತು. ಇನ್ಸುಲಿನ್ ಡಬ್ಬಿ ಮುಟ್ಟಿದೆ, ಅದೂ ಬೆಚ್ಚಗಿದೆ. ಅಪ್ಪಯ್ಯನ ಎರಡು ತಿಂಗಳ ಔಷಧಿ ಅದು. ಮನೆಯಿಂದ ಎರಡು ಇನ್ಸುಲಿನ್ ಪೆನ್ (ಚುಚ್ಚಿಕೊಳ್ಳುವ ಪೆನ್) ಮಾತ್ರ ತರಬೇಕಿತ್ತು, ನಾನು ಎಲ್ಲವನ್ನೂ ತಂದಿದ್ದೆ.

ಪಕ್ಕದ ಸೈಟಿನಲ್ಲಿ ಒಬ್ಬ ವಯಸ್ಸಾದ ದಂಪತಿ ಇದ್ದರು. ನಮ್ಮ ಓಡಾಟ ನೋಡಿ ಆಕೆ ಬಂದು ಕೇಳಿದರು. ವಿಷಯ ಕೇಳಿದವರೇ ತಮ್ಮ ಫ್ರಿಜ್ಜಿನಲ್ಲಿ ಇನ್ಸುಲಿನ್ ಇಟ್ಟುಕೊಂಡರು. ಆಮೇಲೆ ಗಂಡ ಒಂದು ಚಿಕ್ಕ ಉಪಕರಣ ತಂದು ನಮ್ಮ ಗಾಡಿಯ ನೆಲದ ಮೇಲಿಟ್ಟರು. ನೀರಿನ ಗುಳ್ಳೆ ಪೂರ್ತಿ ಒಂದು ಮೂಲೆಗೆ ಹೋಯಿತು. "ಏ ಕೂಸೇ, ಇದು ರಸಮಟ್ಟ ಅಲ್ದನೇ!" ಅಂದರು ಅಪ್ಪಯ್ಯ. ಹೌದು, ನಮ್ಮ ಗಾರೆಯವರು ಇಡುವ ಅದೇ ರಸಮಟ್ಟ.

ವಿಷಯ ಇಷ್ಟು. ನಮ್ಮ ಗಾಡಿಯಲ್ಲಿದ್ದಂಥ ಆರ್‌ವಿ ಫ್ರಿಜ್ಜಿನಲ್ಲಿ ಮನೆಯ ಫ್ರಿಜ್ಜಿನ ಹಾಗೆ ಕಂಪ್ರೆಸರ್ ಇರುವುದಿಲ್ಲ. ಅದು ಗ್ಯಾಸಿನಿಂದಲೋ ಕರೆಂಟಿನಿಂದಲೋ ಬರುವ ಬಿಸಿಯಲ್ಲಿ ನಡೆಯುತ್ತದೆ. ಒಳಗಿನ ದ್ರವ ಕೊಳವೆಗಳಲ್ಲಿ ತಾನಾಗಿ ಇಳಿದು ಹರಿಯಬೇಕು. ಗಾಡಿ ವಾರೆಯಾಗಿ ನಿಂತರೆ ಅದು ಹರಿಯುವುದಿಲ್ಲ, ಫ್ರಿಜ್ಜು ತಣ್ಣಗಾಗುವುದಿಲ್ಲ. ಚಕ್ರದ ಕೆಳಗೆ ಇಡಲು ಪ್ಲಾಸ್ಟಿಕ್ ಹಲಗೆಗಳು ಗಾಡಿಯಲ್ಲೇ ಇದ್ದವು. ಅವು ಯಾಕೆ ಅಂತ ನಮಗೆ ಯಾರೂ ಹೇಳಿರಲಿಲ್ಲ. ಎರಡು ಹಲಗೆ ಇಟ್ಟು ಗಾಡಿ ಹತ್ತಿಸಿದ ಮೇಲೆ ಅಮ್ಮ ಒಂದು ಅಗಲವಾದ ತಟ್ಟೆಯಲ್ಲಿ ನೀರು ಹಾಕಿ ಮೇಜಿನ ಮೇಲಿಟ್ಟು ತಾವೂ ಒಮ್ಮೆ ನೋಡಿದರು. ಆದರೂ ಫ್ರಿಜ್ಜು ಸರಿಯಾಗಿ ತಣ್ಣಗಾಗಲು ಸಂಜೆಯಾಯಿತು.

ಇನ್ಸುಲಿನ್ ಇರುವವರು ಇದನ್ನು ಗಮನಿಸಿ. ಬೇಕಾದಷ್ಟೇ ತನ್ನಿ, ಉಳಿದದ್ದು ಮನೆ ಫ್ರಿಜ್ಜಿನಲ್ಲಿರಲಿ. ಬಳಸುತ್ತಿರುವ ಪೆನ್ ಹೊರಗೇ ಎಷ್ಟು ದಿನ ಇಡಬಹುದು ಅಂತ ಡಾಕ್ಟರ್ ಹತ್ತಿರ ಕೇಳಿಕೊಂಡು ಬನ್ನಿ. ಐಸ್ ಪೆಟ್ಟಿಗೆಯಲ್ಲಿ ಇಡುವುದಾದರೆ ಐಸಿಗೆ ನೇರ ತಾಗಿಸಬೇಡಿ, ಹೆಪ್ಪುಗಟ್ಟಿದರೆ ಅದು ಕೆಲಸಕ್ಕೆ ಬರುವುದಿಲ್ಲ. ನಾವು ಆ ಡಬ್ಬಿ ಬಳಸಬಹುದೇ ಅಂತ ಟ್ರಾವರ್ಸ್ ಸಿಟಿಯಲ್ಲಿ ಒಬ್ಬ ಫಾರ್ಮಸಿಸ್ಟ್ ಹತ್ತಿರ ಕೇಳಿ ಖಾತ್ರಿ ಮಾಡಿಕೊಂಡ ಮೇಲೆಯೇ ನನಗೆ ಊಟ ಸೇರಿದ್ದು.

ಅದೇ ದಿನ ಮಧ್ಯಾಹ್ನ ಸ್ಲೀಪಿಂಗ್ ಬೇರ್ ಮರಳುಗುಡ್ಡಕ್ಕೆ ಹೋದೆವು. ಅದು ಕೇಂದ್ರ ಸರ್ಕಾರದ ಜಾಗ. ಸ್ಟೇಟ್ ಪಾರ್ಕ್ ಪಾಸು ಅಲ್ಲಿ ನಡೆಯುವುದಿಲ್ಲ, ಗಾಡಿಗೆ ಬೇರೆ 25 ಡಾಲರ್. ಮಕ್ಕಳು ಗುಡ್ಡ ಹತ್ತಿ ಇಳಿದು ಹತ್ತಿ ಇಳಿದು ಸುಸ್ತಾದರು. ಅಮ್ಮ ಗಾಡಿಯೊಳಗೇ ಚಹಾ ಮಾಡಿ, ಕಿಟಕಿಯಿಂದ ಅವರನ್ನು ನೋಡುತ್ತಾ ಕೂತರು. ಮಂಡಿ ನೋವಿನವರಿಗೆ ಆರ್‌ವಿಯ ನಿಜವಾದ ಸುಖ ಇದು. ಎಲ್ಲಿ ನಿಂತರೂ ಅವರ ಕುರ್ಚಿ, ಅವರ ಒಲೆ, ಅವರ ಟಾಯ್ಲೆಟ್ ಜೊತೆಗಿರುತ್ತದೆ.

ಅಡಿಗೆ ಬಗ್ಗೆ ಒಂದಿಷ್ಟು. ಮೊದಲ ದಿನ ಅಮ್ಮ ಒಳಗೆ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದರು. ಸಾಸಿವೆ ಸಿಡಿದು ಮೆಣಸಿನಕಾಯಿ ಬಿದ್ದದ್ದೇ ತಡ, ಹೊಗೆ ಅಲಾರಂ ಕಿರುಚಿಕೊಂಡಿತು. ಅಮ್ಮ ಹೆದರಿ ಸೌಟು ಕೆಳಗೆ ಬೀಳಿಸಿದರು. ಆಮೇಲಿಂದ ಒಗ್ಗರಣೆ ಎಲ್ಲಾ ಹೊರಗೆ, ಪಿಕ್ನಿಕ್ ಮೇಜಿನ ಮೇಲೆ ಕ್ಯಾಂಪ್ ಒಲೆಯಲ್ಲಿ. ಎರಡನೆಯದು ಕರೆಂಟು. ನಮ್ಮ ಸೈಟಿನಲ್ಲಿ ಗಾಡಿಗೆ ಸಿಕ್ಕಿದ್ದು 30 ಆಂಪ್, ಅಂದರೆ 120 ವೋಲ್ಟಿನಲ್ಲಿ 3,600 ವ್ಯಾಟ್. ಎಸಿ ಓಡುತ್ತಿರುವಾಗ ಮೈಕ್ರೊವೇವ್ ಹಾಕಿ, ಜೊತೆಗೆ ನೀರು ಕಾಯಿಸುವ ಕೆಟಲ್ ಹಾಕಿದರೆ ಬ್ರೇಕರ್ ಬೀಳುತ್ತದೆ. ಒಂದಾದ ಮೇಲೆ ಒಂದು ಹಾಕಿ. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ, ಒಂದು ಡಬ್ಬಿ ಚಪಾತಿ ಮನೆಯಿಂದಲೇ ತಂದಿದ್ದೆವು. ಮಿಕ್ಸಿ ತಂದದ್ದು ದಂಡ, ಒಮ್ಮೆಯೂ ಹೊರಗೆ ತೆಗೆಯಲಿಲ್ಲ.

ಸೌದೆ ಮಾತ್ರ ಮನೆಯಿಂದ ತರಲೇಬೇಡಿ. ನಮ್ಮ ಹಿತ್ತಲಲ್ಲಿ ಒಣಗಿದ ಸೌದೆ ರಾಶಿ ಇದೆ, ಅಪ್ಪಯ್ಯ ಕಟ್ಟು ಕಟ್ಟಿ ಇಟ್ಟಿದ್ದರು. ಬೇಡ ಅಂದೆ. ಆಶ್ ಮರಗಳನ್ನು ಕೊಲ್ಲುವ ಎಮರಾಲ್ಡ್ ಆಶ್ ಬೋರರ್ ಅನ್ನುವ ಹುಳ ಈ ದೇಶದಲ್ಲಿ ಮೊದಲು ಪತ್ತೆಯಾದದ್ದು 2002ರಲ್ಲಿ, ನಮ್ಮ ಡೆಟ್ರಾಯಿಟ್ ಹತ್ತಿರವೇ. ಸೌದೆಯೊಳಗೆ ಕೂತು ಅದು ಊರೂರು ಹೋಯಿತು. ಲಡಿಂಗ್ಟನ್ ಪಾರ್ಕಿನ ಬೀಚ್ ಮರಗಳಿಗೂ 2000ದಲ್ಲಿ ತೊಗಟೆ ರೋಗ ಕಾಣಿಸಿಕೊಂಡಿತ್ತು. ಹೇಳಿದ ಕೂಡಲೇ ಅಪ್ಪಯ್ಯನಿಗೆ ಅರ್ಥವಾಯಿತು. ಊರಲ್ಲಿ ನಮ್ಮ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂದು ಅವರು ನೋಡಿದ್ದಾರೆ. ಸುಮ್ನೆ ಕಟ್ಟು ಬಿಚ್ಚಿ ಸೌದೆ ವಾಪಸ್ ರಾಶಿಗೆ ಹಾಕಿದರು. ಪಾರ್ಕ್ ಹತ್ತಿರವೇ ಕೊಂಡುಕೊಂಡೆವು.

ಅಮ್ಮನಿಗೂ ಯಾರೂ ಹೇಳದೆ ಗೊತ್ತಿದ್ದ ಒಂದು ವಿಷಯ ಉಣ್ಣಿ. ನಮ್ಮದು ಸಾಗರದ ಕಡೆ. ಉಣ್ಣಿಯಿಂದ ಬರುವ ಮಂಗನ ಕಾಯಿಲೆ ಅಂದರೆ ಏನು ಅಂತ ಅಲ್ಲಿಯವರಿಗೆ ಹೇಳಬೇಕಾಗಿಲ್ಲ. ಇಲ್ಲಿಯ ಉಣ್ಣಿಯಿಂದ ಲೈಮ್ ಕಾಯಿಲೆ ಬರುತ್ತದೆ ಅಂದೆ. "ಡಿಎಂಪಿ ಎಣ್ಣೆ ಸಿಗಲ್ವನೇ ಇಲ್ಲಿ?" ಅಂತ ಕೇಳಿದರು. ಊರಲ್ಲಿ ಉಣ್ಣಿ ಕಚ್ಚದ ಹಾಗೆ ಮೈಗೆ ಹಚ್ಚುವ ಎಣ್ಣೆ ಅದು. ಇಲ್ಲಿ ಹಚ್ಚುವುದು ಬೇರೆ, ಅದನ್ನೇ ಹಚ್ಚಿದೆವು. ಪ್ರತಿ ಸಂಜೆ ಅಮ್ಮ ಮಕ್ಕಳನ್ನು ಮುಂದೆ ನಿಲ್ಲಿಸಿಕೊಂಡು ಕಿವಿ ಹಿಂದೆ, ಕಂಕುಳು, ಮಂಡಿ ಹಿಂದೆ ಎಲ್ಲಾ ತಡವಿ ನೋಡುತ್ತಿದ್ದರು. ಒಂದು ಸಿಕ್ಕಿತು ಕೂಡ, ಇನ್ನೂ ಕಚ್ಚಿರಲಿಲ್ಲ. ಮಕ್ಕಳಿಗೆ ಉದ್ದ ಸಾಕ್ಸ್ ತನ್ನಿ.

ಜುಲೈ 9ಕ್ಕೆ ಲಡಿಂಗ್ಟನ್‌ಗೆ ಬಂದೆವು. ಸೈಟಿಗೆ ಮಧ್ಯಾಹ್ನ 3ರ ಮೇಲೆ ಹೋಗಬೇಕು, ಬಿಡುವಾಗ 1 ಗಂಟೆಯೊಳಗೆ ಬಿಡಬೇಕು. ಸೀದಾ ಮಿಶಿಗನ್ ಸರೋವರದ ದಂಡೆಗೆ ಹೋದೆವು. ಅಪ್ಪಯ್ಯ ನೀರು ನೋಡಿ, "ಇದ್ಕೆ ಕೆರೆ ಅಂತೀರನೇ? ಆ ಕಡೆ ದಡ ಎಲ್ಲಿದೆ?" ಅಂದರು. ಆ ಕಡೆ ಇರುವುದು ಇನ್ನೊಂದು ರಾಜ್ಯ, ವಿಸ್ಕಾನ್ಸಿನ್, 60 ಮೈಲಿ ದೂರ. ಒಂದು ಹನಿ ಬಾಯಿಗೆ ಹಾಕಿಕೊಂಡು ಉಪ್ಪಿಲ್ಲ ಅಂತ ಖಚಿತ ಮಾಡಿಕೊಂಡರು.

ಆದರೆ ಅವತ್ತು ಪಡುವಣ ಗಾಳಿ ಜೋರಾಗಿತ್ತು, ಅಲೆ ಆಳೆತ್ತರ. ಕಂಬದಲ್ಲಿ ಕೆಂಪು ಬಾವುಟ. ಹಸಿರು ಇದ್ದರೆ ನೀರು ಶಾಂತ, ಹಳದಿ ಇದ್ದರೆ ಹುಷಾರು, ಕೆಂಪು ಇದ್ದರೆ ಇಳಿಯಬೇಡಿ, ಎರಡು ಕೆಂಪು ಇದ್ದರೆ ಇಳಿಯುವುದೇ ನಿಷಿದ್ಧ. ಮಿಶಿಗನ್ ಸ್ಟೇಟ್ ಪಾರ್ಕ್ ಬೀಚುಗಳಲ್ಲಿ ಲೈಫ್‌ಗಾರ್ಡ್ ಇರುವುದಿಲ್ಲ. ಈ ಸರೋವರದಲ್ಲಿ ಸಮುದ್ರದ ಹಾಗೇ ಒಳಕ್ಕೆ ಎಳೆದುಕೊಂಡು ಹೋಗುವ ಸೆಳೆತ ಇದೆ. ಉಪ್ಪಿಲ್ಲ, ಶಾರ್ಕ್ ಇಲ್ಲ ಅಂತ ಧೈರ್ಯವಾಗಿ ಇಳಿಯುವವರನ್ನು ನೋಡಿ ನನಗೆ ಭಯವಾಯಿತು. ದಯವಿಟ್ಟು ಬಾವುಟ ನೋಡದೆ ಮಕ್ಕಳನ್ನು ಬಿಡಬೇಡಿ. ನಮ್ಮ ಚಿಕ್ಕವನು ಮರಳಲ್ಲಿ ಕೂತು ಅತ್ತ. ಆರು ತಿಂಗಳಿಂದ ಕಾಯುತ್ತಿದ್ದ ನೀರು ಕಣ್ಣೆದುರಿಗಿದೆ, ಇಳಿಯುವ ಹಾಗಿಲ್ಲ.

ನಮ್ಮನ್ನು ಕಾಪಾಡಿದ್ದು ಹ್ಯಾಮ್ಲಿನ್ ಕೆರೆ. ಅದೇ ಪಾರ್ಕಿನೊಳಗೆ, ಮರಳುಗುಡ್ಡಗಳ ಹಿಂದೆ ಇದೆ. ನೀರು ಬೆಚ್ಚಗೆ, ದಡದಲ್ಲಿ ಬಹಳ ದೂರದ ತನಕ ಮಂಡಿಯಷ್ಟೇ ಆಳ. ಮಕ್ಕಳು ಮೂರು ದಿನವೂ ಅಲ್ಲೇ ಬಿದ್ದುಕೊಂಡಿದ್ದರು. ಅಮ್ಮನೂ ಸೀರೆ ಎತ್ತಿಕಟ್ಟಿ ನೀರಿನಲ್ಲಿ ನಿಂತರು. ಮಕ್ಕಳ ಜೊತೆ ದೊಡ್ಡ ಸರೋವರಕ್ಕೆ ಹೋಗುವವರು ಪಕ್ಕದಲ್ಲಿ ಇಂಥದೊಂದು ಚಿಕ್ಕ ಕೆರೆ ಇರುವ ಪಾರ್ಕನ್ನೇ ಆರಿಸಿ. ಗಾಳಿ ನಮ್ಮ ಕೈಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಅಪ್ಪಯ್ಯನನ್ನು ಅಣೆಕಟ್ಟೆಯ ತನಕ ನಡೆಸಿಕೊಂಡು ಹೋದೆ. ಹ್ಯಾಮ್ಲಿನ್ ತಾನಾಗಿ ಆದ ಕೆರೆ ಅಲ್ಲ. ಮರದ ದಿಮ್ಮಿ ತೇಲಿಸಲು ಸೇಬಲ್ ಹೊಳೆಗೆ ಕಟ್ಟೆ ಕಟ್ಟಿ ಮಾಡಿದ್ದು. 1888ರಲ್ಲಿ ಆ ಕಟ್ಟೆ ಒಡೆದು ಕೆಳಗಿದ್ದ ಹ್ಯಾಮ್ಲಿನ್ ಊರು ಕೊಚ್ಚಿಹೋಯಿತು. 1912ರಲ್ಲಿ ಇನ್ನೊಮ್ಮೆ ಒಡೆಯಿತು. ಇದನ್ನು ಹೇಳುತ್ತಿದ್ದ ಹಾಗೆ ಅಪ್ಪಯ್ಯ ಕಂಬಿ ಹಿಡಿದು ನಿಂತುಬಿಟ್ಟರು. ನಮ್ಮ ಹಳೆಯ ಮನೆ ಲಿಂಗನಮಕ್ಕಿ ನೀರಿನಲ್ಲಿದೆ. ಶರಾವತಿಗೆ ಆ ಅಣೆಕಟ್ಟು ಮುಗಿದದ್ದು 1964ರಲ್ಲಿ. ಊರು ಬಿಟ್ಟು ಬಂದಾಗ ಅಪ್ಪಯ್ಯನಿಗೆ ಏಳೆಂಟು ವರ್ಷ. "ಕೊಟ್ಟಿಗೆ ಕಂಬ ಕಿತ್ತು ಲಾರಿಗೆ ಹಾಕಿದ್ವಿ. ಬಾಗಿಲು ಬಿಚ್ಚಕ್ಕೆ ಆಗ್ಲಿಲ್ಲ. ಅಜ್ಜಿ ಅದ್ಕೆ ಚಿಲಕ ಹಾಕಿ ಬಂದ್ರು" ಅಂದರು. ನನಗೆ ನಲವತ್ತು ದಾಟಿದೆ, ಆ ಚಿಲಕದ ಮಾತು ಅಲ್ಲಿಯ ತನಕ ಕೇಳಿರಲಿಲ್ಲ. ಇಬ್ಬರೂ ಸುಮಾರು ಹೊತ್ತು ನೀರು ಬೀಳುವುದನ್ನು ನೋಡುತ್ತಾ ನಿಂತೆವು. ಆಮೇಲೆ ಅವರೇ, "ನಡಿ, ಹುಡುಗ್ರು ಎದ್ದಿರ್ತಾರೆ" ಅಂದರು.

ದೀಪಸ್ತಂಭಕ್ಕೆ ಅಮ್ಮ ಬರಲಾಗಲಿಲ್ಲ. ಬಿಗ್ ಸೇಬಲ್ ದೀಪಸ್ತಂಭ 1867ರದ್ದು, 112 ಅಡಿ ಎತ್ತರ. ಆದರೆ ಹೋಗಲು ಹತ್ತಿರ ಹತ್ತಿರ ಎರಡು ಮೈಲಿ, ಬರಲು ಅಷ್ಟೇ, ಬಿಸಿಲಿನ ದಾರಿ. ವರ್ಷದಲ್ಲಿ ಕೆಲವೇ ದಿನ ಅಲ್ಲಿಗೆ ಬಸ್ಸು ಬಿಡುತ್ತಾರೆ. ಆ ದಿನಗಳನ್ನು ಮೊದಲೇ ನೋಡಿಕೊಂಡು ಬುಕ್ ಮಾಡಿದ್ದರೆ ಅಮ್ಮನೂ ನೋಡುತ್ತಿದ್ದರು. ನನಗೆ ಇವತ್ತಿಗೂ ಬೇಜಾರಿರುವುದು ಇದೊಂದೇ.

ಸಂಜೆಗಳು ಬಹಳ ಉದ್ದ. ಜುಲೈಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆ ಹತ್ತಿರ. ಅಪ್ಪಯ್ಯ ಸಂಧ್ಯಾವಂದನೆ ಬಿಟ್ಟವರಲ್ಲ. ನೋವೈಯಲ್ಲಿ ಗಡಿಯಾರ ನೋಡಿ ಏಳಕ್ಕೆ ಮಾಡಿ ಮುಗಿಸುತ್ತಿದ್ದರು. ಇಲ್ಲಿ ಮೂರೂ ದಿನ ಪಂಚಪಾತ್ರೆ ಉದ್ಧರಣೆ ಹಿಡಿದು ದಂಡೆಗೆ ಹೋಗಿ, ಸೂರ್ಯ ನೀರಿಗೆ ತಾಗುವ ತನಕ ಕಾದು, ಆಮೇಲೆ ಅರ್ಘ್ಯ ಬಿಟ್ಟರು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡಿದ್ದವರು ಮಾತು ನಿಲ್ಲಿಸಿ ಸುಮ್ಮನೆ ಕೂತರು. ರಾತ್ರಿ 10ರಿಂದ ಬೆಳಿಗ್ಗೆ 8ರ ತನಕ ಕ್ಯಾಂಪಿನಲ್ಲಿ ಸದ್ದು ಮಾಡುವ ಹಾಗಿಲ್ಲ. ಹಾಗಾಗಿ ಸೂರ್ಯಾಸ್ತ ನೋಡಿ ಬಂದ ಮೇಲೆ ಬೆಂಕಿ ಮುಂದೆ ಕೂತು ಮಾತಾಡಲು ಹೆಚ್ಚು ಹೊತ್ತು ಸಿಗುವುದಿಲ್ಲ. ಊಟ ಮೊದಲೇ ಮುಗಿಸಿಕೊಳ್ಳಿ.

ಈಗ ಯಾರೂ ಬಿಡಿಸಿ ಹೇಳದ ವಿಷಯ, ಟ್ಯಾಂಕು. ಆರ್‌ವಿಯಲ್ಲಿ ಮೂರು ಟ್ಯಾಂಕ್. ಒಳ್ಳೆ ನೀರಿನದು, ಪಾತ್ರೆ ಮತ್ತು ಸ್ನಾನದ ನೀರು ಹೋಗುವ ಗ್ರೇ, ಟಾಯ್ಲೆಟ್‌ದು ಬ್ಲ್ಯಾಕ್. ಬಹಳಷ್ಟು ಮಿಶಿಗನ್ ಪಾರ್ಕುಗಳಲ್ಲಿ ಸೈಟಿಗೆ ಕರೆಂಟು ಮಾತ್ರ ಕೊಡುತ್ತಾರೆ. ನೀರು ತುಂಬಿಸುವುದು, ಕೊಳೆ ನೀರು ಬಿಡುವುದು ಎಲ್ಲಾ ಸ್ಯಾನಿಟೇಶನ್ ಸ್ಟೇಶನ್‌ನಲ್ಲಿ. ನಮ್ಮ ಜನ ಚೊಂಬಿನಲ್ಲಿ ನೀರು ಬಳಸುವವರು, ಅದು ಕಾಗದಕ್ಕಿಂತ ಬೇಗ ಬ್ಲ್ಯಾಕ್ ಟ್ಯಾಂಕ್ ತುಂಬಿಸುತ್ತದೆ. ನಮ್ಮದು ಲಡಿಂಗ್ಟನ್‌ನ ಎರಡನೇ ರಾತ್ರಿಗೇ ಮುಕ್ಕಾಲು ತೋರಿಸಿತು. ಆವತ್ತೇ ಒಂದು ಒಪ್ಪಂದ ಮಾಡಿಕೊಂಡೆವು. ಹಗಲು ಎಲ್ಲರೂ ಪಾರ್ಕಿನ ಟಾಯ್ಲೆಟ್, ರಾತ್ರಿ ಮಾತ್ರ ಗಾಡಿಯದು. ಸ್ನಾನ ಎಲ್ಲರದ್ದೂ ಪಾರ್ಕಿನಲ್ಲೇ. ಅಲ್ಲಿಗೆ ಒಂದು ಚೊಂಬು ಚೀಲದಲ್ಲಿ ಹಾಕಿ ಕೊಟ್ಟೆ.

ಭಾನುವಾರ ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಸ್ಯಾನಿಟೇಶನ್ ಸ್ಟೇಶನ್ ಸಾಲಿನಲ್ಲಿ ನಾವು 50 ನಿಮಿಷ ನಿಂತೆವು. ಬೆಳಿಗ್ಗೆ 8ಕ್ಕೇ ಹೋಗಿ, ಇಲ್ಲವೇ ಶನಿವಾರ ಸಂಜೆಯೇ ಮುಗಿಸಿ. ಕೈಗವಸು ಎರಡು ಜೊತೆ ತನ್ನಿ. ಕೊಳವೆಯನ್ನು ತಿರುಗಿಸಿ ಬಿಗಿ ಮಾಡಿ, ಇನ್ನೊಂದು ತುದಿ ನೆಲದ ತೂತಿನೊಳಗೆ ಸರಿಯಾಗಿ ಕೂತಿದೆಯೇ ಅಂತ ನೋಡಿ, ಆಮೇಲೆ ಮೊದಲು ಬ್ಲ್ಯಾಕ್ ಬಿಡಿ. ಅದು ಖಾಲಿಯಾದ ಮೇಲೆ ಗ್ರೇ ಬಿಟ್ಟರೆ ಆ ಸೋಪು ನೀರು ಕೊಳವೆ ತೊಳೆಯುತ್ತದೆ. ನಮ್ಮನೆಯವರು ಮಾಡಿದರು, ನಾನು ವಿಡಿಯೊ ನೋಡುತ್ತಾ ಒಂದೊಂದೇ ಹೇಳಿದೆ. ಹನಿ ಚೆಲ್ಲಲಿಲ್ಲ. ಕುಡಿಯುವ ನೀರಿನ ನಲ್ಲಿ ಬೇರೆ ಇರುತ್ತದೆ, ತೊಳೆಯುವ ನಲ್ಲಿಯಿಂದ ಟ್ಯಾಂಕ್ ತುಂಬಿಸಬೇಡಿ.

ಗಾಡಿ ವಾಪಸ್ ಕೊಟ್ಟಾಗ 75 ಡಾಲರ್ ಹೋದದ್ದು ಅರಿಶಿನಕ್ಕೆ. ಬಿಳಿ ಮೇಜಿನ ಮೇಲೆ ಒಂದು ರೂಪಾಯಿ ಅಗಲದ ಹಳದಿ ಕಲೆ. ಒರೆಸಿದೆ, ಉಜ್ಜಿದೆ, ಹೋಗಲಿಲ್ಲ. ಬಿಸಿಲು ಬಿದ್ದರೆ ಎರಡು ದಿನದಲ್ಲಿ ಹೋಗುತ್ತೆ ಅಂತ ಅಮ್ಮ ಹೇಳಿದ್ದು ನಿಜ, ಆದರೆ ನಮಗೆ ಎರಡು ದಿನ ಇರಲಿಲ್ಲ. ಮೇಜಿಗೆ ಒಂದು ಪ್ಲಾಸ್ಟಿಕ್ ಹಾಳೆ ಹಾಸಿಬಿಡಿ, ಮುಗಿಯಿತು.

ಖರ್ಚು ನಮ್ಮದು ಹೀಗಾಯಿತು. ಐದು ರಾತ್ರಿ ಬಾಡಿಗೆ 850, ಸಿದ್ಧಪಡಿಸುವ ಶುಲ್ಕ 120, ಇನ್ಶೂರೆನ್ಸ್ 160, ಮೇಲೆ ತೆರಿಗೆ. ದಿನಕ್ಕೆ 100 ಮೈಲಿ ಉಚಿತ ಇತ್ತು. ನಾವು 640 ಮೈಲಿ ಓಡಿಸಿದ್ದಕ್ಕೆ 56 ಹೆಚ್ಚು. ಗಾಡಿ ಗ್ಯಾಲನ್ನಿಗೆ ಎಂಟೂವರೆ ಮೈಲಿಯಷ್ಟೇ ಕೊಟ್ಟಿತು, ಪೆಟ್ರೋಲಿಗೆ ಸುಮಾರು 250. ಸೈಟುಗಳಿಗೆ 220ರ ಹತ್ತಿರ. ಪಾಸು, ಸೌದೆ, ಐಸ್, ತರಕಾರಿ, ಆ ಅರಿಶಿನ ಎಲ್ಲಾ ಸೇರಿ ಒಟ್ಟು 2,050 ಡಾಲರ್ ಆಸುಪಾಸು. ಕಡಿಮೆ ಅಲ್ಲ. ಟೆಂಟ್ ಹಾಕಿದ್ದರೆ ಅರ್ಧವೂ ಆಗುತ್ತಿರಲಿಲ್ಲ. ಆದರೆ ಅಮ್ಮನಿಂದ ನೆಲದ ಮೇಲೆ ಮಲಗಿ ಏಳಲು ಆಗುವುದಿಲ್ಲ.

ಕೊನೆಯ ಸಂಜೆ ದಂಡೆಯಲ್ಲಿ ಕೂತಿದ್ದಾಗ ದೂರದಲ್ಲಿ ಒಂದು ದೊಡ್ಡ ಹಡಗು ಹೊಗೆ ಬಿಡುತ್ತಾ ಲಡಿಂಗ್ಟನ್ ಬಂದರಿನ ಕಡೆ ಹೋಯಿತು. ಅದು ಬ್ಯಾಡ್ಜರ್, 1953ರಲ್ಲಿ ಓಡಾಟ ಶುರು ಮಾಡಿದ, ಕಲ್ಲಿದ್ದಲು ಉರಿಸಿ ಓಡುವ ಹಡಗು. ಕಾರುಗಳನ್ನು ಹೊಟ್ಟೆಯಲ್ಲಿ ಹಾಕಿಕೊಂಡು ನಾಲ್ಕು ಗಂಟೆಯಲ್ಲಿ ಸರೋವರ ದಾಟುತ್ತದೆ. ಅಮ್ಮ ಅದು ಬಂದರು ಸೇರುವ ತನಕ ನೋಡಿದರು, ಅವತ್ತು ಹೆದ್ದಾರಿಯಲ್ಲಿ ಆ ಆರ್‌ವಿ ನೋಡಿದ ಹಾಗೇ. ಏನೂ ಕೇಳಲಿಲ್ಲ. ಅವರು ಊರಿಗೆ ಹೊರಡುವುದು ಅಕ್ಟೋಬರ್ ಕೊನೆಗೆ. ಸೆಪ್ಟೆಂಬರಿನ ಟಿಕೆಟ್ ನೋಡುತ್ತಿದ್ದೇನೆ.